ಭಟ್ಟಿ ಆರಿದರೆ ಹೊಗೆ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಮುಲುಂಡಿನಲ್ಲಿ ನಮ್ಮದೊಂದು ಸಸ್ಯಾಹಾರಿ ಹೋಟೆಲು, ಅಪ್ಪನ ಕಾಲದ್ದು. ಬೆಳಿಗ್ಗೆ ಇಡ್ಲಿ–ದೋಸೆ, ರಾತ್ರಿ ತಂದೂರ್. ಇದ್ದಿಲ ಭಟ್ಟಿ ತೆಗೆದು ಗ್ಯಾಸಿಗೋ ಕರೆಂಟಿಗೋ ಹೋಗಿ ಎಂದು ಪಾಲಿಕೆಯಿಂದ ನೋಟಿಸು ಬಂತು. ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಭಟ್ಟಿಯೊಂದೇ ಯಾಕೆ, ಇಡೀ ಅಡುಗೆಮನೆಯನ್ನೇ ಇಂಡಕ್ಷನ್ ಮಾಡಿಬಿಡಿ, ಭೂಮಿಗೆ ಒಳ್ಳೆಯದು ಅನ್ನುತ್ತಾಳೆ. ಕರೆಂಟಾದರೂ ಡಹಾಣೂವಿನಲ್ಲಿ ಕಲ್ಲಿದ್ದಲು ಸುಟ್ಟೇ ಬರುವುದಲ್ಲವೆ, ಇಲ್ಲಿಯ ಹೊಗೆ ಅಲ್ಲಿಗೆ ಹೋಯಿತು ಅಷ್ಟೇ ಎನ್ನುವುದು ನನ್ನ ವಾದ. ಯಾರು ಸರಿ? ಇನ್ನೊಂದು ಮಾತು. ಕಾರ್ಬನ್ ಬಿಡುವುದರಲ್ಲಿ ಭಾರತ ಜಗತ್ತಿಗೇ ಮೂರನೆಯದು ಎಂದು ಟಿವಿಯಲ್ಲಿ ಹೇಳುತ್ತಾರೆ. ಅದರಲ್ಲಿ ನನ್ನ ಅಡುಗೆಮನೆಯ ಪಾಲು ಎಷ್ಟು?
— ಶೆಟ್ಟರು, ಮುಲುಂಡ್

ಉತ್ತರ: ಶೆಟ್ಟರೆ, ಮೊದಲು ಒಂದು ಸಣ್ಣ ತಿದ್ದುಪಡಿ. ನಿಮ್ಮ ಕರೆಂಟು ಡಹಾಣೂವಿನದಲ್ಲ. ಡಹಾಣೂವಿನ ಕರೆಂಟು ತರಿಸುವ, ಬಾಂದ್ರಾದಿಂದ ದಹಿಸರ್ ತನಕದ ಉಪನಗರಗಳ ಕಂಪನಿ ಬೇರೆ, ದಕ್ಷಿಣ ಮುಂಬಯಿಯ ಬೆಸ್ಟ್ ಬೇರೆ. ಮುಲುಂಡ್, ಭಾಂಡುಪ್‌ಗಳಿಗೆ ಮೊದಲಿನಿಂದಲೂ ರಾಜ್ಯ ಸರ್ಕಾರದ ವಿತರಣಾ ಕಂಪನಿಯಾದ ಮಹಾವಿತರಣದ್ದೇ ತಂತಿ. ಅಂದರೆ ನಿಮ್ಮ ಮಿಕ್ಸರ್ ತಿರುಗಿಸುವುದು ಚಂದ್ರಾಪುರ, ನಾಗಪುರದ ಬಳಿಯ ಕೊರಾಡಿ, ಖಾಪರ್‌ಖೇಡಾಗಳ ಕಲ್ಲಿದ್ದಲ ಸ್ಥಾವರಗಳು, ಜೊತೆಗೆ ಕೊಯ್ನಾದ ನೀರು, ಗಾಳಿ, ಬಿಸಿಲು ಎಲ್ಲ ಕಲಸಿದ ಕರೆಂಟು. ಹಾಗಂತ ನಿಮ್ಮ ವಾದ ಬಿದ್ದುಹೋಗುವುದಿಲ್ಲ. ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಕಲ್ಲಿದ್ದಲಿನದೇ.

ನೀವೂ ಮಗಳೂ ಎರಡು ಬೇರೆ ಖಾತೆಗಳನ್ನು ಒಂದೇ ಪುಸ್ತಕದಲ್ಲಿ ಬರೆದು ಜಗಳವಾಡುತ್ತಿದ್ದೀರಿ. ಒಂದು ಹೊಗೆಯ ಖಾತೆ, ಇನ್ನೊಂದು ಕಾರ್ಬನ್ನಿನ ಖಾತೆ. ಪಾಲಿಕೆಯ ನೋಟಿಸು ಬಂದಿರುವುದು ಮೊದಲನೆಯದಕ್ಕೆ. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಕಟ್ಟಿಗೆ, ಕಲ್ಲಿದ್ದಲು ಉರಿಸುವ ಬೇಕರಿ–ಭಟ್ಟಿಗಳು ಆರು ತಿಂಗಳಲ್ಲಿ ಗ್ಯಾಸು ಅಥವಾ ವಿದ್ಯುತ್ತಿಗೆ ಹೋಗಬೇಕೆಂದು ಹೇಳಿದ್ದು ಮುಂಬಯಿಯ ಗಾಳಿಗಾಗಿ, ಉಸಿರಿಗೆ ಸೇರುವ ಸಣ್ಣ ಕಣಗಳಿಗಾಗಿ. ಭೂಮಿಯ ತಾಪ ಅಲ್ಲಿಯ ವಿಷಯವೇ ಆಗಿರಲಿಲ್ಲ. ಆ ಖಾತೆಯಲ್ಲಿ ತಕರಾರಿಲ್ಲ. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ದಿನಕ್ಕೆ ಐದು ತಾಸು ಭಟ್ಟಿಯ ಬಾಯಿಗೆ ಮುಖವೊಡ್ಡಿ ರೋಟಿ ಬಡಿಯುವ ನಿಮ್ಮ ಹುಡುಗನ ಕಣ್ಣು ನೋಡಿದ್ದೀರಲ್ಲ? ಇದ್ದಿಲು ಸರಿಯಾಗಿ ಉರಿಯದಿದ್ದಾಗ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ತಲೆನೋವು ಮಾತ್ರ ಇದೆ. ಭಟ್ಟಿ ತೆಗೆಯಿರಿ. ಬದಲಿಗೆ ಪೈಪ್ ಗ್ಯಾಸು ಹಾಕಿಸಿಕೊಂಡರೆ ಸಾಕು.

ಕಾರ್ಬನ್ನಿನ ಖಾತೆ ಇಷ್ಟು ಸುಲಭವಲ್ಲ. ಇದು ನನಗೆ ಗೊತ್ತಾದದ್ದು ಭೋಸರಿಯಲ್ಲಿ, ಬೇರೆಯದೇ ಒಂದು ಭಟ್ಟಿಯ ಮುಂದೆ.

ನಾನು ಧಾರವಾಡ ಬಿಟ್ಟು ಪುಣೆಗೆ ಬಂದು ಕಾರ್ಖಾನೆಗಳ ವಿದ್ಯುತ್–ಇಂಧನ ಲೆಕ್ಕ ತಪಾಸಣೆಗೆ ಇಳಿದ ಹೊಸತು. ಭೋಸರಿಯ ಒಂದು ಫೌಂಡ್ರಿಯಲ್ಲಿ ಕ್ಯುಪೋಲಾ ಇತ್ತು. ಎರಡು ಆಳೆತ್ತರದ ಉಕ್ಕಿನ ಕೊಳವೆ. ಮೇಲಿನಿಂದ ಒಂದು ಪದರ ಕೋಕು (ಕಲ್ಲಿದ್ದಲನ್ನು ಬೇಯಿಸಿ ಮಾಡಿದ ಇಂಧನ), ಒಂದು ಪದರ ಗುಜರಿ ಕಬ್ಬಿಣ, ನಡುನಡುವೆ ಸುಣ್ಣದಕಲ್ಲು ಸುರಿಯುವುದು, ಕೆಳಗೆ ತೂತು ಬಿಚ್ಚಿದರೆ ಕೆಂಪು ಕಬ್ಬಿಣ ಇಳಿಯುವುದು. ಉರಿ ಹಾಕಿದ ದಿನ ಪಕ್ಕದ ಚಾಳಿನವರು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಮಾಲಿನ್ಯ ಮಂಡಳಿಯ ಒತ್ತಡ ಹೆಚ್ಚಾಗಿ ಮಾಲಕರು ಸಾಲ ಮಾಡಿ ಇಂಡಕ್ಷನ್ ಫರ್ನೇಸು ತಂದರು. ನಿಮ್ಮ ಮಗಳು ಹೇಳುವ ಒಲೆಯ ದೊಡ್ಡಣ್ಣ ಅದು. ಹೊಗೆ ಮಾಯ. ಚಾಳಿನವರು ಪೇಡೆ ಹಂಚಿದರು.

ನಾನು ಲೆಕ್ಕ ಹಾಕಿದೆ. ಒಂದು ಟನ್ ಕಬ್ಬಿಣ ಕರಗಿಸಲು ಕ್ಯುಪೋಲಾದಲ್ಲಿ 120 ಕಿಲೋದಷ್ಟು ಕೋಕು ಹೋಗುತ್ತಿತ್ತು; ಅದರಿಂದ ಬರುವ ಇಂಗಾಲದ ಡೈಆಕ್ಸೈಡು 350 ಕಿಲೋ ಆಸುಪಾಸು. ಹೊಸ ಫರ್ನೇಸಿಗೆ ಟನ್ನಿಗೆ ಸುಮಾರು 600 ಯೂನಿಟ್ ಕರೆಂಟು. ಆಗ ದೇಶದ ಗ್ರಿಡ್ಡಿನಲ್ಲಿ, ಅಂದರೆ ಎಲ್ಲ ಸ್ಥಾವರಗಳ ಕರೆಂಟು ಕೂಡುವ ತಂತಿಜಾಲದಲ್ಲಿ, ಒಂದು ಯೂನಿಟ್ಟಿನ ಹಿಂದೆ 0.8 ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡು ಇರುತ್ತಿತ್ತು. ಗುಣಿಸಿದರೆ 480 ದಾಟುತ್ತದೆ. ಹೊಗೆ ಕಾಣದಾದ ದಿನವೇ ಕಾರ್ಬನ್ ಮೂರನೇ ಒಂದು ಪಾಲು ಏರಿತ್ತು. ಮಾಲಕರಿಗೆ ಹೇಳಿದೆ. "ಸಾಹೇಬ್, ಅದು ಚಂದ್ರಾಪುರದವರ ತಲೆನೋವು" ಎಂದು ಚಹಾ ತರಿಸಿದರು.

ಆ ಲೆಕ್ಕವನ್ನೇ ನಿಮ್ಮ ಸಾಂಬಾರಿನ ಪಾತೆಲಕ್ಕೆ ತರೋಣ. ಐವತ್ತು ಲೀಟರ್ ನೀರನ್ನು ನಲ್ಲಿಯ ಬಿಸಿಯಿಂದ ಕುದಿಯುವ ತನಕ ತರಲು ಪಾತ್ರೆಯ ಒಳಗೆ ಸುಮಾರು 4.2 ಯೂನಿಟ್ಟಿನಷ್ಟು ಶಾಖ ಸೇರಬೇಕು. ಗ್ಯಾಸಾಗಲಿ ಕರೆಂಟಾಗಲಿ ಇದರಲ್ಲಿ ರಿಯಾಯಿತಿ ಇಲ್ಲ. ಹೋಟೆಲಿನ ದೊಡ್ಡ ಬರ್ನರಿನಲ್ಲಿ ಉರಿ ಪಾತ್ರೆಯ ಪಕ್ಕದಿಂದ ಮೇಲೆದ್ದು ಚಿಮಣಿಗೆ ಹೋಗುವುದೇ ಹೆಚ್ಚು, ನೂರಕ್ಕೆ ನಲವತ್ತು ಒಳಗೆ ಸೇರಿದರೆ ಪುಣ್ಯ. ಹಾಗಾಗಿ 800 ಗ್ರಾಂ ಎಲ್‌ಪಿಜಿ ಬೇಕು. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡು (ಗಾಳಿಯ ಆಮ್ಲಜನಕವೂ ಸೇರುವುದರಿಂದ ತೂಕ ಹೆಚ್ಚುತ್ತದೆ, ಗಾಬರಿಯಾಗಬೇಡಿ). ಒಟ್ಟು 2.4 ಕಿಲೋ. ಇಂಡಕ್ಷನ್ನಿನಲ್ಲಿ ನೂರಕ್ಕೆ ಎಂಬತ್ತೈದು ಪಾತ್ರೆಗೇ ಸೇರುತ್ತದೆ, ಐದು ಯೂನಿಟ್ ಸಾಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ಈಗ ಯೂನಿಟ್ಟಿಗೆ 0.72 ಕಿಲೋ ಆಸುಪಾಸು. 3.6 ಕಿಲೋ ಆಯಿತು. ದಾರಿಯ ತಂತಿಯಲ್ಲಿ ಸೋರುವುದನ್ನು ಕೂಡಿಸಿದರೆ ನಾಲ್ಕಕ್ಕೆ ಮುಟ್ಟುತ್ತದೆ.

ಈ ಹೊತ್ತಿನ ಲೆಕ್ಕದಲ್ಲಿ ನೀವು ಗೆದ್ದಿರಿ. ಮಗಳಿಗೆ ಇದನ್ನು ಓದಿ ಹೇಳುವ ಮೊದಲು ಮುಂದಿನದನ್ನೂ ಓದಿ.

ಕಲ್ಲಿದ್ದಲ ಸ್ಥಾವರದಲ್ಲಿ ಉರಿಸಿದ ಶಾಖದ ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ, ಉಳಿದದ್ದು ಕೂಲಿಂಗ್ ಟವರಿನ ಬಿಳಿ ಹಬೆಯಾಗಿ, ಹೊಗೆಯಾಗಿ ಹೋಗುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಬೇರೆ ಮೂವತ್ತು ನಲವತ್ತು ಪರ್ಸೆಂಟು. ಒಂದು ಯೂನಿಟ್ಟಿಗೆ ಆರೇಳುನೂರು ಗ್ರಾಂ ಕಲ್ಲಿದ್ದಲು ಸುಟ್ಟು ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲದ ಡೈಆಕ್ಸೈಡು ಬಿಡುತ್ತಾರೆ. ಗ್ರಿಡ್ಡಿನ ಸರಾಸರಿ 0.72ಕ್ಕೆ ನಿಂತಿರುವುದು ನೀರು, ಗಾಳಿ, ಬಿಸಿಲು, ತಾರಾಪುರದಂಥ ಅಣುಸ್ಥಾವರಗಳು ಅದಕ್ಕೆ ನೀರು ಬೆರೆಸಿದ್ದರಿಂದ. ಈ ಬೆರಕೆ ಪ್ರತಿ ವರ್ಷ ಬದಲಾಗುತ್ತದೆ. ನಿಮ್ಮ ಬರ್ನರಿನ 2.4 ಕಿಲೋ ಇನ್ನು ಇಪ್ಪತ್ತು ವರ್ಷವಾದರೂ 2.4 ಕಿಲೋನೇ. ಭೋಸರಿಯ ಆ ಫರ್ನೇಸಿಗೆ ಯಾರೂ ಒಂದು ಬೋಲ್ಟು ಬದಲಿಸಲಿಲ್ಲ. ಆದರೂ ಇವತ್ತು ಟನ್ನಿಗೆ 430 ಕಿಲೋಗೆ ಇಳಿದಿದೆ. ವಿದ್ಯುತ್ ಪ್ರಾಧಿಕಾರದ ಯೋಜನೆ ಪ್ರಕಾರ 2031–32ಕ್ಕೆ ಗ್ರಿಡ್ಡಿನ ಅಂಕಿ 0.43ಕ್ಕೆ ಇಳಿಯಬೇಕು. ಹಾಗಾದರೆ ನಿಮ್ಮ ಪಾತೆಲಕ್ಕೆ ಗ್ಯಾಸು, ಕರೆಂಟು ಎರಡೂ ಸರಿಸಮ, ಅಲ್ಲಿಂದ ಮುಂದೆ ಮಗಳೇ ಸರಿ.

ಅಷ್ಟು ಬೇಗ ಇಳಿಯುತ್ತದೆಂದು ನನಗೆ ಅನಿಸುವುದಿಲ್ಲ. 2025ರ ಜೂನ್ ಹೊತ್ತಿಗೆ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು, ಗ್ಯಾಸುಗಳಲ್ಲದ ಮೂಲಗಳದ್ದಾಯಿತು. 2030ಕ್ಕೆ ಮಾಡುತ್ತೇವೆಂದಿದ್ದದ್ದು ಐದು ವರ್ಷ ಮೊದಲೇ ಆಯಿತು ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ನಿಜವೇ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ನೂರು ಕುರ್ಚಿಯ ಹೋಟೆಲು ಎಂದ ಮಾತ್ರಕ್ಕೆ ದಿನವಿಡೀ ನೂರು ಜನ ಕೂತಿರುತ್ತಾರೆಯೆ? ಸೋಲಾರಿನ ಕುರ್ಚಿ ಸಂಜೆ ಆರಕ್ಕೆ ಖಾಲಿ. ಇಡೀ ದಿನದ ಸರಾಸರಿ ತೆಗೆದರೆ ನಾಲ್ಕರಲ್ಲೊಂದು ಪಾಲೂ ತುಂಬುವುದಿಲ್ಲ. ಕಲ್ಲಿದ್ದಲ ಸ್ಥಾವರ ಮುಕ್ಕಾಲಿಗೆ ತುಸು ಕಡಿಮೆ ತುಂಬಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ, ಬೇಡಿಕೆ. 2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ಅಲ್ಲಿಯ ತನಕದ ದಾಖಲೆಯಾಯಿತು. ಸೋಲಾರು ಎಷ್ಟು ಹೊಸ ಯೂನಿಟ್ ತಂದರೂ ಹೊಸ ಎಸಿ, ಹೊಸ ಕಾರ್ಖಾನೆ, ಹೊಸ ಮೆಟ್ರೊ ಅದನ್ನು ತಿಂದು ಇನ್ನೂ ಕೇಳುತ್ತವೆ. ಉಳಿದದ್ದನ್ನು ಕಲ್ಲಿದ್ದಲು ಬಡಿಸುತ್ತದೆ. 2024–25ರಲ್ಲಿ ದೇಶ 100 ಕೋಟಿ ಟನ್ ಮೀರಿ ಕಲ್ಲಿದ್ದಲು ತೆಗೆಯಿತು.

ಹೀಗೆ ಹಸಿದಿರುವುದು ತಪ್ಪೆಂದು ನಾನು ಹೇಳಲಾರೆ. ಸರಾಸರಿ ಭಾರತೀಯ ವರ್ಷಕ್ಕೆ ಬಳಸುವ ವಿದ್ಯುತ್ತು ಸುಮಾರು 1,400 ಯೂನಿಟ್. ಜಗತ್ತಿನ ಸರಾಸರಿ ಅದರ ಎರಡೂವರೆ ಪಟ್ಟು. ನಮ್ಮೂರ ಕಡೆ ಹಳ್ಳಿಯಲ್ಲಿ ಮೂರು ಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಪಂಪು ಹಾಕಲು ಎದ್ದು ಹೋಗುವವರು ಇದ್ದಾರೆ.

ಕೊಯ್ನಾದ ಮಾತು ಬಂದಾಗ ಒಂದು ಸಣ್ಣ ಹೊಟ್ಟೆಯುರಿ ತೋಡಿಕೊಳ್ಳುತ್ತೇನೆ. 1,960 ಮೆಗಾವ್ಯಾಟಿನ ಕೊಯ್ನಾ ಕಾರ್ಬನ್ ಲೆಕ್ಕದಲ್ಲಿ ಅಪರಂಜಿ. ಮುಳಶಿಯ ನೀರಿನಿಂದ ಭಿರಾದಲ್ಲಿ ಕರೆಂಟು ತೆಗೆಯುವುದೂ ಹಾಗೆಯೇ, ಸಂಜೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದಾಗ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ಆದರೆ ಎರಡೂ ಕಡೆ ಪೂರ್ವಕ್ಕೆ ಹರಿದು ಕೃಷ್ಣೆಗೆ, ಭೀಮೆಗೆ ಸೇರಬೇಕಿದ್ದ ನೀರನ್ನು ಸಹ್ಯಾದ್ರಿಯ ಪಶ್ಚಿಮಕ್ಕೆ ಬೀಳಿಸಿಯೇ ಕರೆಂಟು ಹುಟ್ಟುವುದು. ವಿಜಯಪುರದ ರೈತನಿಗೆ ಇದನ್ನು ಸ್ವಚ್ಛ ವಿದ್ಯುತ್ತು ಎಂದು ವಿವರಿಸುವ ಕೆಲಸ ನನಗೆ ಕೊಡಬೇಡಿ.

ಇನ್ನು ಮೂರನೇ ಸ್ಥಾನದ ಮಾತು. ಚೀನಾ, ಅಮೆರಿಕ ಬಿಟ್ಟರೆ ನಾವೇ, ವರ್ಷಕ್ಕೆ ಸುಮಾರು 300 ಕೋಟಿ ಟನ್ ಇಂಗಾಲದ ಡೈಆಕ್ಸೈಡು. ತಲೆಗೆ ಹಂಚಿದರೆ ಎರಡು ಟನ್ನಿನ ಆಸುಪಾಸು. ಅಮೆರಿಕದವರದು ಹದಿನಾಲ್ಕು ಟನ್, ಚೀನಾದವರದು ಎಂಟು ದಾಟಿದೆ. ಕೈಗಾರಿಕಾ ಯುಗ ಶುರುವಾದಂದಿನಿಂದ ಗಾಳಿಗೆ ಸೇರಿದ್ದೆಲ್ಲ ಕೂಡಿಸಿದರೆ ಅಮೆರಿಕದ್ದೇ ಕಾಲು ಭಾಗ, ನಮ್ಮದು ನೂರಕ್ಕೆ ಮೂರೋ ನಾಲ್ಕೋ. "ಅವರು ಉಂಡು ಕೈ ತೊಳೆದರು, ಎಲೆ ಎತ್ತುವುದು ನಾವೆ?" ಎಂದು ಕೇಳುವವರಿಗೆ ಈ ಅಂಕಿಗಳು ಆಧಾರ. ಆದರೆ ಅವು ಏರುತ್ತಿರುವ ಅಂಕಿಗಳು ಕೂಡ. 2021ರಲ್ಲಿ ಗ್ಲಾಸ್ಗೋದಲ್ಲಿ 2070ಕ್ಕೆ ನೆಟ್ ಝೀರೊ, ಅಂದರೆ ಬಿಟ್ಟಷ್ಟು ಕಾರ್ಬನ್ನನ್ನು ಹೀರಿಕೊಂಡು ಲೆಕ್ಕ ಸೊನ್ನೆಗೆ ತರುವುದು, ಎಂದು ಪ್ರಧಾನಿ ಘೋಷಿಸಿದರು. 2030ಕ್ಕೆ ನಾವು ಒಪ್ಪಿಕೊಂಡಿರುವುದು ಒಟ್ಟು ಕಾರ್ಬನ್ ಇಳಿಸುವುದನ್ನಲ್ಲ. ರೂಪಾಯಿ ಲೆಕ್ಕದ ಪ್ರತಿ ದುಡಿಮೆಯ ಹಿಂದಿನ ಕಾರ್ಬನ್ನನ್ನು 2005ಕ್ಕೆ ಹೋಲಿಸಿ 45 ಪರ್ಸೆಂಟು ಇಳಿಸುವುದನ್ನು. ವ್ಯಾಪಾರ ಮೂರರಷ್ಟಾಗಿ ಗ್ಯಾಸು ಒಂದೂವರೆಯಷ್ಟಾದರೆ ಈ ಲೆಕ್ಕದಲ್ಲಿ ನೀವು ಪಾಸು. ಸಿಲಿಂಡರಿನ ಬಿಲ್ಲು ಮಾತ್ರ ಹೆಚ್ಚೇ ಇರುತ್ತದೆ.

ನಿಮ್ಮ ಪಾಲು? ದಿನಕ್ಕೆ ಹತ್ತೊಂಬತ್ತು ಕಿಲೋದ ಎರಡು ಸಿಲಿಂಡರ್ ಉರಿಸುವ ಹೋಟೆಲು ಎಂದು ಹಿಡಿಯುತ್ತೇನೆ. ಒಂದು ಸಿಲಿಂಡರಿಗೆ 57 ಕಿಲೋ, ವರ್ಷಕ್ಕೆ 42 ಟನ್. ಇಪ್ಪತ್ತು ಭಾರತೀಯರ ಲೆಕ್ಕ, ಅದರಲ್ಲಿ ನೀವು ದಿನಾ ನೂರಾರು ಜನರಿಗೆ ಉಣಬಡಿಸುತ್ತೀರಿ. 2,920 ಮೆಗಾವ್ಯಾಟಿನ ಚಂದ್ರಾಪುರ ಸ್ಥಾವರ ಪೂರ್ತಿ ಓಡಿದರೆ ಅಷ್ಟನ್ನು ಬಿಡಲು ಒಂದು ನಿಮಿಷವೂ ಬೇಡ. ದೇಶದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಐದರಲ್ಲಿ ಎರಡು ಪಾಲು ವಿದ್ಯುತ್ ಉತ್ಪಾದನೆಯದೊಂದೇ. ಉಳಿದದ್ದರಲ್ಲಿ ಉಕ್ಕು, ಸಿಮೆಂಟು, ಸಾರಿಗೆ, ದನಕರು, ಗದ್ದೆ. ಸಿಮೆಂಟಿನದು ವಿಚಿತ್ರ: ಕುಲುಮೆಯನ್ನು ಪೂರ್ತಿ ಬಿಸಿಲಿನಿಂದ ಉರಿಸಿದರೂ ಅರ್ಧಕ್ಕಿಂತ ಹೆಚ್ಚು ಕಾರ್ಬನ್ ಬಂದೇ ಬರುತ್ತದೆ, ಏಕೆಂದರೆ ಅದು ಸುಣ್ಣದಕಲ್ಲಿನ ಒಳಗಿನಿಂದಲೇ ಏಳುವುದು. ಮುಲುಂಡಿನಲ್ಲಿ ನಾಲ್ಕಂತಸ್ತಿನ ಸೊಸೈಟಿ ಕೆಡವಿ ಇಪ್ಪತ್ತಂತಸ್ತು ಏಳಿಸುವುದನ್ನು ಕಿಟಕಿಯಿಂದಲೇ ನೋಡುತ್ತಿರಬೇಕು ನೀವು. ಚಂದ್ರಾಪುರದಂಥ ಕಡೆಯ ಹಾರುಬೂದಿಯನ್ನು ಸಿಮೆಂಟಿಗೆ ಬೆರೆಸಿ ಆ ಪಾಲು ಸ್ವಲ್ಪ ತಗ್ಗಿಸುತ್ತಾರೆ. ಅಂದರೆ ಒಬ್ಬರ ಪಾಪ ಇನ್ನೊಬ್ಬರಿಗೆ ಪರಿಹಾರ.

ಹಾಗಾದರೆ ಸುಮ್ಮನಿರಲೇ ಎಂದು ಕೇಳುತ್ತೀರಿ. ಬೇಡ. ನಿಮ್ಮ ಹೋಟೆಲಿನಲ್ಲಿ ಮೊದಲು ಮುಚ್ಚಬೇಕಾದ ತೂತು ಒಲೆಯಲ್ಲಿಲ್ಲ. ಡೀಪ್ ಫ್ರೀಜರಿನ ಹಿಂಭಾಗದಲ್ಲಿದೆ.

ಬೇಸಿಗೆ ಶುರುವಾಗುತ್ತಲೇ ಮೆಕ್ಯಾನಿಕ್ ಬರುತ್ತಾನೆ. ಐಸ್‌ಕ್ರೀಮು ಗಟ್ಟಿಯಾಗುತ್ತಿಲ್ಲ. ಹಿಂದಿನ ತಾಮ್ರದ ಕೊಳವೆಗೆ ಗೇಜು ಹಚ್ಚಿ, "ಗ್ಯಾಸ್ ಕಮ್ ಹೋ ಗಯಾ ಸೇಠ್, ಭರ್ನಾ ಪಡೇಗಾ" ಅನ್ನುತ್ತಾನೆ. ನೀವು ಗಲ್ಲಾದಿಂದ ದುಡ್ಡು ತೆಗೆಯುತ್ತೀರಿ. ಮುಂದಿನ ವರ್ಷ ಅದೇ ಮಾತು, ಅದೇ ದುಡ್ಡು. ಶೆಟ್ಟರೆ, ಫ್ರೀಜರಿನ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುವುದಷ್ಟೇ ಅದರ ಕೆಲಸ, ಯಂತ್ರ ಇರುವವರೆಗೂ ಇರಬೇಕು. ಕಮ್ಮಿಯಾಗಿದೆ ಎಂದರೆ ಸೋರಿದೆ. ಹೋಟೆಲಿನ ಫ್ರೀಜರು, ಕೋಲ್ಡ್ ರೂಮುಗಳಲ್ಲಿ ಹೆಚ್ಚಾಗಿ ಹಾಕುವ ಆರ್–404ಎ ಎಂಬ ಗ್ಯಾಸು ಒಂದು ಕಿಲೋ ಗಾಳಿಗೆ ಹೋದರೆ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡು ಬಿಟ್ಟಷ್ಟು ತಾಪ. ಹತ್ತಿರ ಹತ್ತಿರ 70 ಸಿಲಿಂಡರು. ನಿಮ್ಮ ಅಡುಗೆಮನೆಯ ಇಡೀ ತಿಂಗಳ ಒಲೆಗಿಂತ ಹೆಚ್ಚು, ಸದ್ದಿಲ್ಲದೆ, ಹೊಗೆಯಿಲ್ಲದೆ. ಹಳೆಯ ಎಸಿಯ ಆರ್–22 ಆದರೆ ಮೂವತ್ತು ಸಿಲಿಂಡರು. ಹೊಸ ಎಸಿಗಳ ಆರ್–32 ಹನ್ನೆರಡು. ಸಣ್ಣ ಫ್ರಿಜ್ಜು, ಫ್ರೀಜರುಗಳಲ್ಲಿ ಈಗ ಬರುತ್ತಿರುವ ಆರ್–290 ಅಂದರೆ ಪ್ರೊಪೇನು, ನಿಮ್ಮ ಸಿಲಿಂಡರಿನ ತಮ್ಮ. ತಾಪದ ಲೆಕ್ಕದಲ್ಲಿ ಇಲ್ಲವೆಂದೇ ಹೇಳಬೇಕು, ಬೆಂಕಿ ಹತ್ತೀತೆಂಬ ಎಚ್ಚರ ಮಾತ್ರ ಬೇಕು. ಆರ್–404ಎ, ಆರ್–32ರಂಥ ಗ್ಯಾಸುಗಳನ್ನು ಇಳಿಸುವ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಸೇರಿತು, ಆದರೆ ನಮ್ಮ ಇಳಿಕೆ ಶುರುವಾಗುವುದು 2032ರಿಂದ. ಅಲ್ಲಿಯ ತನಕ ಮೆಕ್ಯಾನಿಕ್ಕಿನ ಕೈಯೇ ಕಾನೂನು.

ಆದ್ದರಿಂದ ಈ ಸಲ ಅವನು ಬಂದಾಗ ಗ್ಯಾಸು ಭರಿಸುವ ಮೊದಲು ಸಾಬೂನು ನೀರು ಹಚ್ಚಿ ಜಾಯಿಂಟುಗಳನ್ನು ತೋರಿಸು ಅನ್ನಿ. ಗುಳ್ಳೆ ಎದ್ದ ಕಡೆ ಬೆಸುಗೆ ಹಾಕಿಸಿ, ಆಮೇಲೆ ಭರಿಸಿ. ಉಳಿದ ಹಳೇ ಗ್ಯಾಸನ್ನು ಬಾಲ್ಕನಿಯಲ್ಲಿ ಸುಯ್ಯೆಂದು ಬಿಡಲು ಹೊರಟರೆ ತಡೆಯಿರಿ, ಖಾಲಿ ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಇರುವವರನ್ನು ಕರೆಸಿ. ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೆ ಗ್ಯಾಸು ಕಮ್ಮಿಯಾದ ಫ್ರೀಜರಿನ ಕಂಪ್ರೆಸರು ರಾತ್ರಿಯಿಡೀ ನಿಲ್ಲದೆ ಓಡುವ ಕರೆಂಟಿನ ಬಿಲ್ಲನ್ನು ಅದರ ಪಕ್ಕ ಇಟ್ಟು ನೋಡಿ. ನಾನು ಕಾರ್ಖಾನೆಗಳಲ್ಲಿ ಕಂಡ ಕತೆಯೂ ಇದೇ. ಭಾನುವಾರ ಯಂತ್ರಗಳೆಲ್ಲ ನಿಂತಾಗ ಶಾಪ್‌ಫ್ಲೋರಿನಲ್ಲಿ ನಿಂತರೆ, ಯಂತ್ರಗಳಿಗೆಂದು ಕಂಪ್ರೆಸರು ಒತ್ತಿ ತುಂಬಿದ ಗಾಳಿಯ ಪೈಪುಗಳು ಹಾವಿನಂತೆ ಬುಸುಗುಟ್ಟುತ್ತವೆ. ಮೂರು ಮಿಲಿಮೀಟರಿನ ಒಂದು ತೂತು ಸುಮಾರು 3 ಕಿಲೋವ್ಯಾಟ್ ಕುಡಿಯುತ್ತದೆ. ಎರಡು ಪಾಳಿಯ ಕಾರ್ಖಾನೆಯಲ್ಲಿ ವರ್ಷಕ್ಕೆ ಹತ್ತು ಟನ್ ಕಾರ್ಬನ್. ಅದನ್ನು ಮುಚ್ಚಲು ಬೇಕಾದದ್ದು ಒಂದು ಸುರುಳಿ ಟೆಫ್ಲಾನ್ ಟೇಪು. ಐದು ಕೋಟಿಯ ಸೋಲಾರಿಗೆ ಉದ್ಘಾಟನೆ ಮಾಡಿಸುವ ಮಾಲಕರಿಗೆ ಆ ಟೇಪು ತರಿಸಲು ಮೂರು ಸಲ ಹೇಳಬೇಕಾಗುತ್ತಿತ್ತು.

ಎರಡನೆಯದು ಹೊತ್ತು. ಕರೆಂಟಿನ ಕಾರ್ಬನ್ ಗಂಟೆಗಂಟೆಗೆ ಬೇರೆ. ಮಧ್ಯಾಹ್ನ ಒಂದಕ್ಕೆ ಗ್ರಿಡ್ಡಿನಲ್ಲಿ ಬಿಸಿಲು ತುಂಬಿರುತ್ತದೆ, ರಾತ್ರಿ ಹತ್ತಕ್ಕೆ ಎಲ್ಲರ ಎಸಿಯೂ ಕಲ್ಲಿದ್ದಲ ಮೇಲೆ. ಕೇಂದ್ರದ 2023ರ ನಿಯಮದ ಪ್ರಕಾರ ಬಿಸಿಲಿನ ಎಂಟು ಗಂಟೆಗಳ ದರ ಮಾಮೂಲಿಗಿಂತ ಕನಿಷ್ಠ 20 ಪರ್ಸೆಂಟು ಕಡಿಮೆ ಇರಬೇಕು, ನಿಮ್ಮಂಥ ವಾಣಿಜ್ಯ ಗಿರಾಕಿಗಳಿಗೆ ಬೇಡಿಕೆ ಏರಿದ ಹೊತ್ತಿನದು 20 ಪರ್ಸೆಂಟಾದರೂ ಹೆಚ್ಚು. ರಾಜ್ಯದ ಆಯೋಗ ಗಂಟೆಗಳನ್ನು ಆಗಾಗ ಹಿಂದುಮುಂದು ಮಾಡುವುದರಿಂದ ಬಿಲ್ಲಿನಲ್ಲಿ ಇರುವುದನ್ನೇ ನಂಬಿ. ನಾಳೆಯ ಇಡ್ಲಿ ಹಿಟ್ಟು ರುಬ್ಬುವುದು, ನೀರು ಮೇಲಕ್ಕೆ ಪಂಪು ಮಾಡುವುದು, ಐಸ್ ಕಟ್ಟಿಸುವುದು ಮಧ್ಯಾಹ್ನಕ್ಕೆ ಬಂದರೆ ಯೂನಿಟ್ ಅಷ್ಟೇ, ಬಿಲ್ಲೂ ಕಾರ್ಬನ್ನೂ ಕಡಿಮೆ. ಹೆಚ್ಚಿನ ಉಡುಪಿ ಹೋಟೆಲುಗಳಲ್ಲಿ ಊಟದ ಗದ್ದಲ ಇಳಿದ ಮೇಲೆಯೇ ಗ್ರೈಂಡರು ಹಾಕುವ ರೂಢಿ. ನಿಮ್ಮಲ್ಲಿ ಅದು ರಾತ್ರಿ ಪಾಳಿಗೆ ಜಾರಿದ್ದರೆ ಹಿಂದಕ್ಕೆ ತನ್ನಿ.

ಇಂಡಕ್ಷನ್ನನ್ನು ಪೂರ್ತಿ ಬಿಡಬೇಡಿ. ಚಹಾ–ಕಾಫಿಯ ಕೌಂಟರಿಗೆ ಈಗಲೇ ಒಂದು ಇಡಿ. ದಿನವಿಡೀ ಸಣ್ಣ ಉರಿಯಲ್ಲಿ ಗ್ಯಾಸು ಪೋಲಾಗುವ ಜಾಗ ಅದು, ಅಲ್ಲಿ ನನ್ನ 40 ಪರ್ಸೆಂಟಿನ ಲೆಕ್ಕ ನಿಲ್ಲುವುದಿಲ್ಲ. ಕಟ್ಟಡ ಮರುನಿರ್ಮಾಣಕ್ಕೆ ಹೋದರೆ ಅಡುಗೆಮನೆಗೆ ದಪ್ಪ ಕೇಬಲನ್ನೂ ಹೆಚ್ಚಿನ ಲೋಡಿನ ಮಂಜೂರಾತಿಯನ್ನೂ ಆಗಲೇ ಮಾಡಿಸಿಟ್ಟುಕೊಳ್ಳಿ. ಆಮೇಲೆ ಗೋಡೆ ಒಡೆಸುವುದು ದುಬಾರಿ. ಸಾಂಬಾರಿನ ದೊಡ್ಡ ಬರ್ನರು ಸವೆಯುವ ಹೊತ್ತಿಗೆ ಗ್ರಿಡ್ಡಿನ ಅಂಕಿ ಎಲ್ಲಿದೆ ಎಂದು ನೋಡಿ ಅದನ್ನು ತೀರ್ಮಾನಿಸಬಹುದು. ಮಹಾವಿತರಣದಲ್ಲಿ ಯೂನಿಟ್ಟಿಗೆ ಕೆಲವು ಪೈಸೆ ಹೆಚ್ಚು ಕೊಟ್ಟು ಪೂರ್ತಿ ಹಸಿರು ವಿದ್ಯುತ್ತು ಕೇಳುವ ಅವಕಾಶವೂ ಇದೆ, ಮಗಳ ಆಸೆಗೆ ಅದು ಹತ್ತಿರದ ದಾರಿ. ರಾತ್ರಿ ಹತ್ತಕ್ಕೆ ನಿಮ್ಮ ತಂತಿಯಲ್ಲಿ ಹರಿಯುವುದು ಕಲ್ಲಿದ್ದಲಿನದೇ ಆಗಿರುತ್ತದೆ ಎಂದು ಆಗಲೂ ನೀವು ವಾದಿಸಬಹುದು, ನಾನು ಅಡ್ಡ ಬರುವುದಿಲ್ಲ.

ಫ್ರೀಜರಿನ ಹಿಂದೆ, ಕಂಪ್ರೆಸರಿನ ಪಕ್ಕ, ಒಂದು ತಗಡಿನ ಪಟ್ಟಿ ಅಂಟಿಸಿರುತ್ತದೆ. ಧೂಳು ಒರೆಸಿದರೆ ಗ್ಯಾಸಿನ ಹೆಸರು, ಎಷ್ಟು ಗ್ರಾಂ ಎನ್ನುವುದು ಸಿಗುತ್ತದೆ. ಅದರ ಒಂದು ಫೋಟೊ, ಕಳೆದ ಮೂರು ವರ್ಷ ಎಷ್ಟು ಸಲ ಗ್ಯಾಸು ಹಾಕಿಸಿದಿರಿ ಎಂಬ ಲೆಕ್ಕ, ಇವೆರಡನ್ನೂ ಮಗಳ ಕೈಯಲ್ಲಿ ಕಳಿಸಿಕೊಡಿ. ಸಿಲಿಂಡರಿನ ಲೆಕ್ಕಕ್ಕೆ ತಂದು ಕೂಡಿಸುವ ಕೆಲಸ ಅವಳೇ ಮಾಡಲಿ, ನಾನು ತಾಳೆ ನೋಡುತ್ತೇನೆ.